ಮೂರು ಗಂಟೆಯ ಎಚ್ಚರ

ಗಡಿಯಾರ ನೋಡಬೇಕಾಗಿಯೇ ಇಲ್ಲ. ಎಚ್ಚರವಾಯಿತು ಅಂದರೆ ಮೂರು ಗಂಟೆ. ಐದು ನಿಮಿಷ ಆಚೆ ಈಚೆ, ಅಷ್ಟೇ. ಮೊದಮೊದಲು ಮೊಬೈಲ್ ಎತ್ತಿ ನೋಡುತ್ತಿದ್ದೆ. 3:04. 2:57. 3:11. ಲಾಟರಿ ನಂಬರ್ ನೋಡಿದ ಹಾಗೆ. ಈಗ ಅದನ್ನೂ ಬಿಟ್ಟಿದ್ದೇನೆ.

ಫ್ಯಾನು ತಿರುಗುತ್ತಿರುತ್ತದೆ. ಅಡುಗೆಮನೆಯಲ್ಲಿ ಫ್ರಿಜ್ಜು ಒಮ್ಮೆ ಗುಂಯ್ ಅಂದು ಸುಮ್ಮನಾಗುತ್ತದೆ. ಹೊರಗೆ ಒಂದು ಅಡಿಕೆ ಹಾಳೆ ಕಳಚಿ ಬಿದ್ದರೂ ಯಾರೋ ಅಂಗಳಕ್ಕೆ ಹಾರಿದ ಹಾಗೆ ಕೇಳುತ್ತದೆ. ಪಡುವಣ ಗಾಳಿ ಇದ್ದರೆ ಮುಲ್ಕಿ ಕಡೆಯಿಂದ ರೈಲಿನ ಕೂಗು ಬರುತ್ತದೆ. ದಕ್ಷಿಣ ಕನ್ನಡದ ಕಿನ್ನಿಗೋಳಿಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಹಗಲು ಹೊತ್ತು ಆ ಕೂಗು ಇಲ್ಲಿಗೆ ಕೇಳಿದ್ದೇ ಇಲ್ಲ. ಹಗಲು ರೈಲು ಓಡುವುದಿಲ್ಲ ಅಂತಲ್ಲ. ನನ್ನ ಕಿವಿಗೆ ಪುರುಸೊತ್ತು ಇರುವುದಿಲ್ಲ.

ನನಗೀಗ 64. ಈ ಎಚ್ಚರ ಶುರುವಾಗಿ ನಾಲ್ಕೈದು ವರ್ಷ ಆಗಿರಬಹುದು. ಮೊದಲು ಸೆಖೆ ಅಂದುಕೊಂಡೆ. ಆಮೇಲೆ ರಾತ್ರಿಯ ಊಟ ಜಾಸ್ತಿಯಾಯಿತೇನೋ ಅಂದುಕೊಂಡೆ. ಒಂದು ಸಲ ಹೊಸ ಹಾಸಿಗೆಯ ಮೇಲೂ ತಪ್ಪು ಹೊರಿಸಿ, ಹಳೆಯ ಹತ್ತಿ ಹಾಸಿಗೆಯನ್ನು ಅಟ್ಟದಿಂದ ಇಳಿಸಿದ್ದಾಯಿತು. ಮೂರು ಗಂಟೆಗೆ ಹಾಸಿಗೆ ಯಾವುದಾದರೂ ಒಂದೇ.

ತಮಾಷೆ ಏನು ಗೊತ್ತಾ? ಇದೇ ಮೂರು ಗಂಟೆಯನ್ನು ಕಣ್ಣಾರೆ ನೋಡಬೇಕು ಅಂತ ಚಿಕ್ಕವನಿದ್ದಾಗ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ.

ನಮ್ಮ ಊರು ಕಟೀಲಿಗೆ ಹತ್ತಿರ. ನಮ್ಮ ಕಡೆ ಆಟ ಅಂದರೆ ಯಕ್ಷಗಾನ, ಬೇರೆ ಅರ್ಥವೇ ಇಲ್ಲ. ಮಳೆ ಮುಗಿದು ಗದ್ದೆ ಕೊಯ್ಲು ಆದ ಮೇಲೆ ಮೇಳಗಳು, ಅಂದರೆ ಆಟದ ತಂಡಗಳು, ತಿರುಗಾಟಕ್ಕೆ ಹೊರಡುತ್ತವೆ. ಮೇ ತಿಂಗಳ ಕೊನೆಗೆ ಪತ್ತನಾಜೆ ಬರುವವರೆಗೆ, ಅಂದರೆ ಗೆಜ್ಜೆ ಬಿಚ್ಚುವವರೆಗೆ, ಎಲ್ಲಾದರೂ ಒಂದು ಕಡೆ ಚೆಂಡೆ ಕೇಳುತ್ತಲೇ ಇರುತ್ತದೆ. ನಾನು ಹೇಳುತ್ತಿರುವುದು 1970ರ ಆಸುಪಾಸಿನ ಮಾತು. ಆಗ ಆಟ ಅಂದರೆ ಇಡೀ ರಾತ್ರಿ. ಸೂರ್ಯ ಮುಳುಗಿದ ಮೇಲೆ ವೇಷ ಕಟ್ಟುವ ಚೌಕಿಯಲ್ಲಿ ಪೂಜೆ, ಸೂರ್ಯ ಏಳುವ ಹೊತ್ತಿಗೆ ಮಂಗಳ. ಹೆಚ್ಚಿನ ಹರಕೆ ಆಟಗಳಲ್ಲಿ ಪ್ರಸಂಗ ಒಂದೇ, ದೇವಿ ಮಹಾತ್ಮೆ. ಕಥೆ ಎಲ್ಲರಿಗೂ ಬಾಯಿಪಾಠ. ಆದರೂ ಜನ ತುಂಬುತ್ತಿದ್ದರು.

ಮನೆಯಿಂದ ಚಾಪೆ ಹೊತ್ತುಕೊಂಡು ಹೋಗುತ್ತಿದ್ದೆವು. ಕೊಯ್ಲಾದ ಗದ್ದೆಯಲ್ಲಿ ಚಾಪೆ ಹಾಸಿದರೆ ಅಡಿಯಿಂದ ಕೂಳೆ ಚುಚ್ಚುತ್ತಿತ್ತು. ಅಜ್ಜಿಯ ಕೈಚೀಲದಲ್ಲಿ ಒಂದು ಚಾದರ, ಒಂದು ಡಬ್ಬಿ ಬೆಲ್ಲದ ಅವಲಕ್ಕಿ, ತಾಂಬೂಲದ ಸಂಚಿ. ನೆಲಕಡಲೆ ಪೊಟ್ಟಣಕ್ಕೆ ಅಪ್ಪ ಹತ್ತು ಪೈಸೆ ಕೊಟ್ಟರೆ ಅದೇ ಹಬ್ಬ. ಕೋಡಂಗಿ ಕುಣಿದು, ಬಾಲಗೋಪಾಲರು ಕುಣಿದು, ಸ್ತ್ರೀವೇಷ ಬರುವಷ್ಟರಲ್ಲಿ ನನ್ನ ಕಣ್ಣು ಎಳೆಯಲು ಶುರು.

"ಅಜ್ಜಿ, ಮಹಿಷಾಸುರ ಬರುವಾಗ ಎಬ್ಬಿಸ್ಬೇಕು."

"ಎಬ್ಬಿಸ್ತೇನೆ, ಮಲಗು."

"ಆಣೆ?"

"ಆಣೆ ಗೀಣೆ ಹಾಕ್ಬಾರ್ದು. ಮಲಗು ನೀನು."

ಅಜ್ಜಿ ಎಬ್ಬಿಸಲಿಲ್ಲ. ಕಣ್ಣು ಬಿಟ್ಟಾಗ ಆಕಾಶ ಬಿಳಿ ಆಗಿತ್ತು, ಜನ ಚಾಪೆ ಮಡಚುತ್ತಿದ್ದರು. ನಾನು ಗದ್ದೆಯ ಹುಣಿಯುದ್ದಕ್ಕೂ ಅಳುತ್ತಾ ಮನೆಗೆ ಬಂದೆ. "ಪಾಪ, ಅಷ್ಟು ಒಳ್ಳೆ ನಿದ್ದೆ, ಹೇಗೆ ಎಬ್ಬಿಸುದು" ಅಂತ ಅಜ್ಜಿ ಅಮ್ಮನ ಹತ್ತಿರ ಹೇಳುತ್ತಿದ್ದರು. ಒಳ್ಳೆ ನಿದ್ದೆ ಅಂದರೆ ಏನು, ಅದನ್ನು ಕಂಡು ಒಬ್ಬರಿಗೆ ಎಬ್ಬಿಸಲು ಮನಸ್ಸು ಬಾರದೇ ಇರುವುದು ಅಂದರೆ ಏನು ಅಂತ ನನಗೆ ಈಗ ಗೊತ್ತು. ಆಗ ಅದು ಶುದ್ಧ ಮೋಸ.

ಮರುವರ್ಷ ನಾನು ಜೇಬಿನಲ್ಲಿ ಕಾಳುಮೆಣಸು ಇಟ್ಟುಕೊಂಡು ಹೋದೆ. ಕಣ್ಣು ಎಳೆದಾಗೆಲ್ಲ ಒಂದು ಜಗಿದೆ. ಮೂಗು, ಕಣ್ಣು, ಕಿವಿ ಎಲ್ಲಾ ಉರಿ. ನಡುರಾತ್ರಿ ಕಳೆದಿತ್ತು. ಒಮ್ಮೆಗೆ ರಂಗಸ್ಥಳದ ಚೆಂಡೆ ಜೋರಾಯಿತು. ಆದರೆ ರಂಗಸ್ಥಳದಲ್ಲಿ ಯಾರೂ ಇಲ್ಲ. ಎಲ್ಲರೂ ಹಿಂದೆ ತಿರುಗಿ ನೋಡುತ್ತಿದ್ದಾರೆ. ದೂರದಲ್ಲಿ, ಗದ್ದೆಯ ಆ ತುದಿಯಲ್ಲಿ, ಎರಡು ದೊಂದಿ. ಯಾರೋ ರಾಳದ ಹುಡಿ ಎರಚಿದರು, ಭಗ್ ಅಂತ ಬೆಂಕಿ ಆಳೆತ್ತರಕ್ಕೆ ಎದ್ದಿತು. ಆ ಬೆಳಕಿನಲ್ಲಿ ಕೊಂಬು ಕಂಡಿತು. ಮುಖ ಆಮೇಲೆ.

ಅವನು ನಮ್ಮ ಚಾಪೆಯ ಪಕ್ಕದಲ್ಲೇ ಹಾದುಹೋದ. ಒಂದು ಮಾರು ದೂರ. ಮುಖದ ಬಣ್ಣದ ಮೇಲೆ ಬೆವರು ಹನಿ ಕಟ್ಟಿ ನಿಂತಿತ್ತು. ಮತ್ತೊಮ್ಮೆ ರಾಳ ಎರಚಿದರು, ಹೊಗೆ ನೇರ ಅವನ ಮೂಗಿಗೆ. ಮಹಿಷಾಸುರ ಕೆಮ್ಮಿದ. ನಮ್ಮ ದೊಡ್ಡಪ್ಪ ಬೀಡಿ ಸೇದಿ ಕೆಮ್ಮುವ ಹಾಗೆ, ಎರಡು ಸಲ, ಎದೆಗೆ ಕೈ ಇಟ್ಟು. ಕೂಡಲೇ ಸಾವರಿಸಿಕೊಂಡು ಆರ್ಭಟ ಕೊಟ್ಟ. ಹಿಂದಿನ ಸಾಲಿನ ಮಕ್ಕಳೆಲ್ಲ ಕಿರುಚಿದರು. ನಾನು ಕಿರುಚಲಿಲ್ಲ. ಕೆಮ್ಮಿದ್ದನ್ನು ನೋಡಿದವನು ನಾನೊಬ್ಬನೇ ಅನ್ನುವ ಹೆಮ್ಮೆ. ಅದನ್ನು ಶಾಲೆಯಲ್ಲಿ ಹೇಳಿದರೆ ಯಾರೂ ನಂಬಲಿಲ್ಲ.

ಅಷ್ಟಾದ ಮೇಲೆ ಮಾತ್ರ ನಿದ್ದೆ ಬಂದುಬಿಟ್ಟಿತು. ಅಂದರೆ ಮೂರು ಗಂಟೆ ಆ ವರ್ಷವೂ ಸಿಗಲಿಲ್ಲ.

ಮೂರು ಗಂಟೆ ಇದ್ದದ್ದು ಅಜ್ಜನ ಪಾಲಿಗೆ. ಅಜ್ಜ ನಮ್ಮ ಜೊತೆ ಆಟಕ್ಕೆ ಬರುತ್ತಿರಲಿಲ್ಲ. ಏಳೂವರೆಗೆ ಗಂಜಿ ಉಂಡು, ಮಾವಿನ ಮಿಡಿ ಚೀಪಿ, ಜಗಲಿಯಲ್ಲಿ ಮಲಗಿಬಿಡುವರು. ರಾತ್ರಿ ಎರಡೂವರೆಯ ಸುಮಾರಿಗೆ ಒಣ ತೆಂಗಿನ ಗರಿಯ ತೂಟೆ ಬೀಸುತ್ತಾ, ತಲೆಗೆ ಶಾಲು ಸುತ್ತಿ, ಒಬ್ಬರೇ ಗದ್ದೆ ದಾಟಿ ಬರುವರು. ತೂಟೆಯನ್ನು ಮಣ್ಣಿಗೆ ಉಜ್ಜಿ ಆರಿಸಿ ಮುಂದಿನ ಸಾಲಿಗೆ ಹೋಗುವರು. ಜನ ಜಾಗ ಬಿಡುತ್ತಿದ್ದರು. ಆ ಸಾಲಿನಲ್ಲಿ ಆಗ ಇರುತ್ತಿದ್ದದ್ದು ಅಜ್ಜನ ವಯಸ್ಸಿನವರೇ. ಮಕ್ಕಳು ಮಲಗಿರುತ್ತಿದ್ದರು, ಹುಡುಗರು ಚಾಯದ ಅಂಗಡಿಯ ಹತ್ತಿರ ಇರುತ್ತಿದ್ದರು.

"ನಿಮ್ಮ ಅಜ್ಜ ನಿಜವಾದ ರಸಿಕರು" ಅಂತ ಊರಿನವರು ಹೇಳುತ್ತಿದ್ದರು. ಅದಕ್ಕೆ ಕಾರಣವೂ ಇತ್ತು. ಮೇಳದಲ್ಲಿ ರಾತ್ರಿಗೆ ಒಂದು ಕ್ರಮ ಉಂಟು. ಕಲಿಯುವ ಹುಡುಗರು ಮೊದಲು ರಂಗಕ್ಕೆ ಬರುತ್ತಾರೆ. ಕೋಡಂಗಿ ಕಟ್ಟಿದವನು ಕೆಲವು ವರ್ಷ ಕಳೆದು ಬಾಲಗೋಪಾಲ ಆಗುತ್ತಾನೆ, ಆಮೇಲೆ ಸಣ್ಣಪುಟ್ಟ ವೇಷ, ಪುಂಡುವೇಷ, ಹೀಗೆ ಮೇಲೆ ಹೋಗುತ್ತಾನೆ. ರಾತ್ರಿ ಏರಿದ ಹಾಗೆ ವೇಷದ ತೂಕವೂ ಏರುತ್ತದೆ. ಮಾತು ಬಲ್ಲ ಹಿರಿಯರು ರಂಗಕ್ಕೆ ಬರುವುದು ಬೆಳಗಿನ ಜಾವ. ದೇವಿ ಮಹಾತ್ಮೆಯಲ್ಲಾದರೆ ಶುಂಭನ ಒಡ್ಡೋಲಗ, ಚಂಡಮುಂಡರು, ಕೊನೆಗೆ ರಕ್ತಬೀಜ. ರಕ್ತಬೀಜನಿಗೂ ದೇವಿಗೂ ನಡೆಯುವ ಮಾತಿನ ಜಟಾಪಟಿ ಕೇಳಲು ತಾಳ್ಮೆ ಬೇಕು, ತಲೆ ಬೇಕು. ಅಜ್ಜ ಅದಕ್ಕೇ ಬರುವುದು, ಕುಣಿತ ನೋಡುವವರು ಸಂಜೆ ಬರಲಿ, ಅರ್ಥ ಕೇಳುವವರು ಬೆಳಗಿನ ಜಾವ ಬರಲಿ ಅಂತ ಊರೆಲ್ಲ ನಂಬಿತ್ತು. ನಾನೂ ನಂಬಿದ್ದೆ. ಐವತ್ತು ವರ್ಷ ನಂಬಿದ್ದೆ. ಮದುವೆಯಾದ ಹೊಸದರಲ್ಲಿ ಹೆಂಡತಿಗೂ ಕಥೆ ಹೇಳಿದ್ದೆ, ನಮ್ಮ ಅಜ್ಜ ಎಂಥ ಯಕ್ಷಗಾನ ಪ್ರೇಮಿ ಅಂತ.

ಹೋದ ವರ್ಷ ಒಂದು ರಾತ್ರಿ, ಎಂದಿನಂತೆ ಫ್ಯಾನು ನೋಡುತ್ತಾ ಬಿದ್ದಿದ್ದಾಗ ಹೊಳೆಯಿತು. ಅಜ್ಜನಿಗೆ ಎರಡೂವರೆಗೆ ಎಚ್ಚರವಾಗುತ್ತಿತ್ತು, ಅಷ್ಟೇ!

ನಿದ್ದೆ ಬಾರದ ಮುದುಕ, ಮನೆಯಲ್ಲಿ ಯಾರೂ ಇಲ್ಲ, ದೂರದಲ್ಲಿ ಚೆಂಡೆ. ಹೋಗದೆ ಏನು ಮಾಡುವುದು? ಕತ್ತಲಲ್ಲಿ ಒಬ್ಬನೇ ನಕ್ಕೆ. ನಗು ಸ್ವಲ್ಪ ಜೋರಾಯಿತು ಅನ್ನಿಸುತ್ತದೆ, ಪಕ್ಕದಲ್ಲಿ ಹೆಂಡತಿ ಮಗ್ಗುಲು ಬದಲಿಸಿದಳು.

ಆದರೂ ಅಜ್ಜನ ರಸಿಕತೆ ಸುಳ್ಳು ಅಂತ ನಾನು ಹೇಳುವುದಿಲ್ಲ. ದಿನಾ ಎಚ್ಚರ ಇದ್ದವರಿಗೆ ತಾನೇ ಎಚ್ಚರಕ್ಕೆ ತಕ್ಕ ರುಚಿ ಹುಟ್ಟುವುದು. ರಕ್ತಬೀಜನ ಮಾತು ಅಜ್ಜನಿಗೆ ಬಾಯಿಪಾಠ ಆಗಿತ್ತು. ಮರುದಿನ ಹಟ್ಟಿಯಲ್ಲಿ ದನಕ್ಕೆ ಹುಲ್ಲು ಹಾಕುವಾಗ ಅದನ್ನೇ ಹೇಳುತ್ತಿದ್ದರು, ದನ ಕಿವಿ ಅಲ್ಲಾಡಿಸುತ್ತಿತ್ತು.

ರಕ್ತಬೀಜನ ಕಥೆ ನಿಮಗೆ ಗೊತ್ತಿರಬಹುದು. ಅವನ ಮೈಯಿಂದ ಒಂದು ಹನಿ ರಕ್ತ ನೆಲಕ್ಕೆ ಬಿದ್ದರೆ ಅಲ್ಲಿಂದ ಇನ್ನೊಬ್ಬ ರಕ್ತಬೀಜ ಏಳುತ್ತಾನೆ. ಕಡಿದಷ್ಟೂ ಜಾಸ್ತಿ. ಕೊನೆಗೆ ಹನಿ ನೆಲ ಮುಟ್ಟುವ ಮೊದಲೇ ಕಾಳಿ ನಾಲಿಗೆ ಚಾಚಿ ಕುಡಿಯಬೇಕಾಗುತ್ತದೆ. ಮೂರು ಗಂಟೆಯ ಚಿಂತೆಯ ಜಾತಿಯೂ ಅದೇ. ಬಾವಿಯ ಪಂಪು ನಿನ್ನೆ ಯಾಕೋ ಸದ್ದು ಮಾಡಿತಲ್ಲ ಅಂತ ಶುರುವಾಗುತ್ತದೆ. ಪಂಪು ಹಾಳಾದರೆ ಮೆಕ್ಯಾನಿಕ್ ಸಿಗುವುದಿಲ್ಲ. ಸಿಕ್ಕಿದರೂ ಬಾವಿಗೆ ಇಳಿಯುವವರು ಯಾರು? ನಾನು ಇಳಿಯುತ್ತಿದ್ದೆ, ಈಗ ಮೊಣಕಾಲು ಬಿಡುವುದಿಲ್ಲ. ಮೊಣಕಾಲು ಇನ್ನೂ ಹಾಳಾದರೆ? ಮಗ ಬೆಂಗಳೂರಿನಲ್ಲಿ, ಮಗಳು ಮುಂಬಯಿಯಲ್ಲಿ. ಈ ಮನೆ ಆಮೇಲೆ ಯಾರಿಗೆ? ಪಂಪಿನಿಂದ ಮನೆಯ ಪಾಲುಪಟ್ಟಿಗೆ ಬರಲು ಮೂರು ನಿಮಿಷ ಬೇಕಾಗಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಪಂಪು ಸರಿಯೇ ಇರುತ್ತದೆ. ಒಂದು ಓತಿಕ್ಯಾತ ಮುಚ್ಚಳದ ಒಳಗೆ ಹೊಕ್ಕಿತ್ತು, ಅಷ್ಟೇ.

ನಾನು ಬ್ಯಾಂಕಿನಲ್ಲಿದ್ದವನು. 1984ರಲ್ಲಿ ಸೇರಿ 2021ರಲ್ಲಿ ನಿವೃತ್ತಿ. ನಮ್ಮ ಜಿಲ್ಲೆಗಳಲ್ಲಿ ಬ್ಯಾಂಕಿನವರಿಗೆ ಬರವಿಲ್ಲ, ಮನೆಗೊಬ್ಬರು. 1906ರಿಂದ 1931ರ ಒಳಗೆ ಈ ಒಂದು ತುಂಡು ಕರಾವಳಿಯಲ್ಲಿ ಐದು ದೊಡ್ಡ ಬ್ಯಾಂಕು ಹುಟ್ಟಿದವು. ಅದರಲ್ಲಿ ಮೂರರ ಹೆಸರು ಒಂದೇ ವರ್ಷದ ಅಂತರದಲ್ಲಿ ಹೋಯಿತು. 2019ರ ಏಪ್ರಿಲ್ 1ಕ್ಕೆ ವಿಜಯಾ, 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಮತ್ತು ಕಾರ್ಪೊರೇಷನ್. ನಾನು ಸೇರಿದ ಬ್ಯಾಂಕೂ ಆ ಮೂರರಲ್ಲಿ ಒಂದು. ಯಾರಾದರೂ "ಯಾವ ಬ್ಯಾಂಕು ನಿಮ್ಮದು?" ಅಂತ ಕೇಳಿದರೆ ಈಗಲೂ ಹಳೆಯ ಹೆಸರೇ ಬಾಯಿಗೆ ಬರುತ್ತದೆ. ನಮ್ಮ ಕಡೆಯ ಹೆಂಗಸರು ಮದುವೆಯಾಗಿ ನಲವತ್ತು ವರ್ಷವಾದರೂ ತವರಿನ ಮನೆ ಹೆಸರು ಹೇಳುವ ಹಾಗೆ.

ಆ ಕಾಲದಲ್ಲಿ ನಿದ್ದೆಗೆ ಕೊರತೆ ಇರಲಿಲ್ಲ, ಹೊತ್ತಿಗೆ ಮಾತ್ರ ಕೊರತೆ. ಕೆಲವು ವರ್ಷ ಮಂಗಳೂರಿನ ಶಾಖೆಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಬೆಳಿಗ್ಗೆ ಸೀಟು ಸಿಕ್ಕಿದರೆ ಮುಲ್ಕಿ ದಾಟುವ ಮೊದಲೇ ನಿದ್ದೆ. ಹಳೆಯಂಗಡಿ, ಮುಕ್ಕ, ಸುರತ್ಕಲ್ ಯಾವುದೂ ಗೊತ್ತಾಗುತ್ತಿರಲಿಲ್ಲ. ಕುಳೂರು ಸೇತುವೆ ಹತ್ತುವಾಗ ಬಸ್ಸು ಒಂದು ಸಲ ಎತ್ತಿ ಹಾಕುತ್ತಿತ್ತು, ಅದೇ ನನ್ನ ಅಲಾರಂ. ಸೀಟು ಸಿಗದಿದ್ದರೆ ಮೇಲಿನ ಕಂಬಿ ಹಿಡಿದು ನಿಂತೇ ನಿದ್ದೆ. ಮಲಗುವುದಕ್ಕೆ ಹಾಸಿಗೆ ಬೇಕು ಅಂತ ಯಾರು ಹೇಳಿದ್ದು?

ಆಫೀಸರ್ ಆದ ಮೇಲೆ ಒಂದು ಕೀಲಿಕೈ ಬಂತು. ಸ್ಟ್ರಾಂಗ್ ರೂಮಿಗೆ ಎರಡು ಕೀಲಿ ಇರುತ್ತದೆ, ಇಬ್ಬರ ಹತ್ತಿರ ಒಂದೊಂದು. ಇಬ್ಬರೂ ಬಂದು ತಿರುಗಿಸದೆ ಬಾಗಿಲು ತೆರೆಯುವುದಿಲ್ಲ. ಆ ಕೀಲಿಯನ್ನು ನಾನು ಒಂದು ದಿನವೂ ಮೊಳೆಗೆ ತೂಗುಹಾಕಲಿಲ್ಲ. ದಪ್ಪ ಹಿತ್ತಾಳೆಯದ್ದು, ಹಲ್ಲುಗಳು ಸವೆದು ನುಣುಪಾಗಿದ್ದವು. ರಾತ್ರಿ ಲುಂಗಿಯ ಸೊಂಟಕ್ಕೆ ದಾರ ಕಟ್ಟಿ ಮಲಗುತ್ತಿದ್ದೆ. ಮಗ್ಗುಲಾದಾಗ ಹೊಟ್ಟೆಗೆ ಒತ್ತಿ ಅಲ್ಲೊಂದು ಕೆಂಪು ಗುರುತು. ಮಧ್ಯರಾತ್ರಿ ಯಾವಾಗಲಾದರೂ ಎಚ್ಚರವಾದರೆ ಕೈ ಮೊದಲು ಅಲ್ಲಿಗೇ ಹೋಗುತ್ತಿತ್ತು. ತಣ್ಣಗೆ ಸಿಕ್ಕಿದ ಕೂಡಲೇ ಮತ್ತೆ ನಿದ್ದೆ. ನಿವೃತ್ತಿಯ ದಿನ ರಿಜಿಸ್ಟರಿನಲ್ಲಿ ಸಹಿ ಮಾಡಿ ಅದನ್ನು ಇನ್ನೊಬ್ಬರ ಕೈಗೆ ಕೊಟ್ಟೆ. ಶಾಲು, ಹಣ್ಣಿನ ಬುಟ್ಟಿ, ಭಾಷಣ ಎಲ್ಲ ಆಮೇಲೆ ಆಯಿತು. ನನಗೆ ನೆನಪಿರುವುದು ಆ ಸಹಿ.

ಈಗಲೂ ಮೂರು ಗಂಟೆಗೆ ಕೈ ಸೊಂಟಕ್ಕೆ ಹೋಗುತ್ತದೆ. ಅಲ್ಲಿ ಏನೂ ಇಲ್ಲ. ಇಲ್ಲ ಅಂತ ಗೊತ್ತಾದ ಕ್ಷಣ ಎದೆ ಧಸಕ್ ಅನ್ನುತ್ತದೆ, ಆಮೇಲೆ ನೆನಪಾಗುತ್ತದೆ. ನೆನಪಾದರೂ ನಿದ್ದೆ ಮಾತ್ರ ಬರುವುದಿಲ್ಲ.

ಡಾಕ್ಟರ ಹತ್ತಿರ ಹೋದದ್ದು ಹೆಂಡತಿಯ ಒತ್ತಾಯಕ್ಕೆ. ಅವರು ಚಿಕ್ಕ ವಯಸ್ಸಿನವರು, ತಾಳ್ಮೆ ಉಂಟು. ವಯಸ್ಸಾದ ಹಾಗೆ ಗಾಢ ನಿದ್ದೆಯ ಪಾಲು ಕಡಿಮೆಯಾಗುತ್ತದೆ, ಮೈಯೊಳಗಿನ ಗಡಿಯಾರ ಸ್ವಲ್ಪ ಮುಂದೆ ಸರಿಯುತ್ತದೆ, ಹಾಗಾಗಿ ಬೇಗ ತೂಕಡಿಕೆ, ಬೇಗ ಎಚ್ಚರ ಅಂದರು. ಮಾತ್ರೆ ಬರೆಯಲಿಲ್ಲ, ಅದಕ್ಕೆ ಅವರ ಮೇಲೆ ಗೌರವ ಜಾಸ್ತಿಯಾಯಿತು. ನಿದ್ದೆಯ ಅಗತ್ಯವೇ ಕಡಿಮೆಯಾಗುತ್ತದಾ ಅಂತ ಕೇಳಿದೆ. ಇಲ್ಲವಂತೆ, 65 ದಾಟಿದವರಿಗೂ ಏಳೆಂಟು ಗಂಟೆ ಬೇಕಂತೆ.

"ಮಧ್ಯಾಹ್ನ ಮಲಗ್ತೀರಾ?" ಅಂತ ಕೇಳಿದರು.

"ಸ್ವಲ್ಪ."

"ಎಷ್ಟು ಸ್ವಲ್ಪ?"

ಹೆಂಡತಿ ಪಕ್ಕದಲ್ಲೇ ಕುಳಿತಿದ್ದಳು, ಸುಳ್ಳು ಹೇಳುವ ಹಾಗಿಲ್ಲ. "ಒಂದೂವರೆ ಗಂಟೆ" ಅಂದೆ. ರಾತ್ರಿ ಒಂಬತ್ತೂವರೆಯಿಂದ ಮೂರು, ಅಂದರೆ ಐದೂವರೆ. ಮಧ್ಯಾಹ್ನದ್ದು ಒಂದೂವರೆ. ಒಟ್ಟು ಏಳು. ಬ್ಯಾಂಕಿನವನ ಲೆಕ್ಕ, ಟ್ಯಾಲಿ ಆಯಿತು. ಡಾಕ್ಟರು ನಕ್ಕರು. ಮಧ್ಯಾಹ್ನದ್ದನ್ನು ಬಿಟ್ಟರೆ ರಾತ್ರಿಗೆ ಸೇರುತ್ತದೆ ಅಂದರು. ಕುಚ್ಚಲಕ್ಕಿ ಅನ್ನ, ಬಸಳೆ ಸಾರು ಉಂಡು, ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಊರಿನಲ್ಲಿ ಕಣ್ಣು ಮುಚ್ಚದೆ ಕುಳಿತುಕೊಳ್ಳಿ ಅಂತ ಹೇಳುವುದು ಸುಲಭ. ಪ್ರಯತ್ನ ಮಾಡಿದೆ. ನಾಲ್ಕು ದಿನ.

ಕಾರಿನಲ್ಲಿ ಮನೆಗೆ ಬರುವಾಗ ಹೆಂಡತಿ ಹೇಳಿದ ಮಾತು ಮಾತ್ರ ಡಾಕ್ಟರ ಮಾತಿಗಿಂತ ಜಾಸ್ತಿ ಒಳಗೆ ಹೋಯಿತು.

"ನಿಮ್ಗೆ ಈಗ ಮೂರು ಗಂಟೆಗೆ ಎಚ್ಚರ ಆಗುದು ದೊಡ್ಡ ಸುದ್ದಿ. ಅದಕ್ಕೆ ಡಾಕ್ಟರು ಬೇರೆ. ಮಕ್ಕಳು ಸಣ್ಣ ಇರುವಾಗ ನಾನು ಎಷ್ಟು ವರ್ಷ ಎದ್ದಿದ್ದೆ, ಗೊತ್ತುಂಟಾ? ನಿಮ್ಮ ಅಮ್ಮ ಹಾಸಿಗೆ ಹಿಡಿದ ಎರಡು ವರ್ಷ?"

ಗೊತ್ತಿರಲಿಲ್ಲ. ಅಂದರೆ ಗೊತ್ತಿತ್ತು, ಆದರೆ ನಾನು ನಿದ್ದೆಯಲ್ಲಿದ್ದೆ. ಅಮ್ಮನಿಗೆ ಕಾಯಿಲೆ ಜೋರಾಗಿದ್ದ ರಾತ್ರಿಗಳಲ್ಲಿ ಒಂದು ಸಲ ಕಣ್ಣು ಬಿಟ್ಟಿದ್ದು ನೆನಪುಂಟು. ಅಡುಗೆಮನೆಯ ಲೈಟು ಉರಿಯುತ್ತಿತ್ತು, ಬಿಸಿನೀರಿನ ಚೀಲಕ್ಕೆ ನೀರು ತುಂಬುವ ಸದ್ದು. ನಾನು ಸೊಂಟದ ಕೀಲಿ ಮುಟ್ಟಿ ನೋಡಿ ಮತ್ತೆ ಮಲಗಿದೆ.

ಆಗ ಅಜ್ಜಿಯೂ ನೆನಪಾದರು. ಮಹಿಷಾಸುರ ಬರುವಾಗ ಎಬ್ಬಿಸುತ್ತೇನೆ ಅನ್ನಬೇಕಾದರೆ ಅಜ್ಜಿ ಅಲ್ಲಿಯವರೆಗೆ ಎಚ್ಚರ ಇರಬೇಕಲ್ಲ. ಐದು ಮೊಮ್ಮಕ್ಕಳ ಮೇಲೆ ಚಾದರ ಸರಿಮಾಡುತ್ತಾ, ಮಂಜು ಬೀಳದ ಹಾಗೆ ಸೆರಗು ಅಡ್ಡ ಹಿಡಿಯುತ್ತಾ ಕೂತಿರುತ್ತಿದ್ದರು. ಅಜ್ಜ ಎರಡೂವರೆಗೆ ಹೊಸದಾಗಿ ಎದ್ದು ಬಂದು ರಸಿಕರಾದರು. ಸಂಜೆಯಿಂದ ಬೆಳಗಿನವರೆಗೆ ಕಣ್ಣು ಮುಚ್ಚದ ಅಜ್ಜಿಯನ್ನು ರಸಿಕರು ಅಂತ ಯಾರೂ ಕರೆಯಲಿಲ್ಲ. ಬೆಳಿಗ್ಗೆ ಮನೆಗೆ ಬಂದು ನೇರ ದೋಸೆ ಕಾವಲಿ ಇಟ್ಟವರೂ ಅವರೇ.

ವಾಟ್ಸಾಪ್ ವಿಷಯ ಒಂದು ಹೇಳಬೇಕು. ನಮ್ಮ ಹೈಸ್ಕೂಲಿನ 1977ರ ತಂಡದ ಗ್ರೂಪು ಉಂಟು. ಅದರಲ್ಲಿ ಬೆಳಿಗ್ಗೆ ನಾಲ್ಕೂವರೆಗೇ ಶುಭೋದಯ ಶುರುವಾಗುತ್ತದೆ. ಗುಲಾಬಿ ಹೂ, ಸೂರ್ಯೋದಯ, ಕೈಮುಗಿದ ಗಣಪತಿ. ನನಗೆ ಐವತ್ತು ಚಿಲ್ಲರೆ ವಯಸ್ಸಿದ್ದಾಗ ಇದನ್ನು ಕಂಡರೆ ಸಿಟ್ಟು ಬರುತ್ತಿತ್ತು. ಇವರಿಗೆ ಬೇರೆ ಕೆಲಸ ಇಲ್ವಾ ಅಂತ. ಈಗ ಒಂದೊಂದು ಗುಲಾಬಿಯ ಹಿಂದೆ ಒಬ್ಬೊಬ್ಬ ಮನುಷ್ಯ ಎಷ್ಟು ಹೊತ್ತಿನಿಂದ ಫ್ಯಾನು ನೋಡುತ್ತಾ ಬಿದ್ದಿದ್ದಾನೆ ಅಂತ ಲೆಕ್ಕ ಹಾಕುತ್ತೇನೆ. ನಾಲ್ಕೂವರೆಯವರೆಗೆ ಕಾದಿದ್ದಾನಲ್ಲ, ಅದು ಅವನ ಮರ್ಯಾದೆ. ಗ್ರೂಪಿನಲ್ಲಿ ನಾಲ್ಕು ನಂಬರಿನವರು ತೀರಿಹೋಗಿದ್ದಾರೆ. ಯಾರೂ ತೆಗೆದಿಲ್ಲ. ತೆಗೆಯುವುದು ಹೇಗೆ ಅಂತ ಗೊತ್ತಿಲ್ಲ ಅಂತ ಅಡ್ಮಿನ್ ಹೇಳುತ್ತಾನೆ. ಅವನಿಗೆ ಗೊತ್ತುಂಟು.

ಒಂದು ದಿನ ಮೂರೂಕಾಲಿಗೆ ಒಬ್ಬ ಹಳೆಯ ಗೆಳೆಯ ಆನ್‌ಲೈನ್ ಇರುವುದು ಕಂಡಿತು. ಸುಮ್ನೆ ಒಂದು ಪ್ರಶ್ನೆಚಿಹ್ನೆ ಕಳಿಸಿದೆ. ಕೂಡಲೇ ಫೋನೇ ಬಂತು.

"ಎಂತ ಮಾರಾಯ, ನಿಂಗೂ ಇಲ್ವಾ?"

"ಇಲ್ಲ ಮಾರಾಯ."

"ನಾನು ಮಾವಿನ ಮರಕ್ಕೆ ಎಷ್ಟು ಕೊಂಬೆ ಉಂಟು ಅಂತ ನೆನಪು ಮಾಡ್ತಿದ್ದೆ. ಶಾಲೆ ಎದುರಿನದ್ದು."

"ಅದನ್ನು ಕಡಿದು ಇಪ್ಪತ್ತು ವರ್ಷ ಆಯ್ತಲ್ಲ."

"ಅದಕ್ಕೇ ಎಣಿಸ್ಲಿಕ್ಕೆ ಕಷ್ಟ ಆಗುದು."

ಪಿಸುಮಾತಿನಲ್ಲಿ ಅರ್ಧ ಗಂಟೆ ಮಾತಾಡಿದೆವು, ಹಾಸ್ಟೆಲಿನ ಹುಡುಗರ ಹಾಗೆ.

ನಮ್ಮ ಮನೆಯ ಆಟದ ಕಥೆ ಹೇಳದಿದ್ದರೆ ಈ ಬರಹ ಮುಗಿಯುವುದಿಲ್ಲ. ತಂಗಿಗೆ ಕಾಯಿಲೆಯಾದಾಗ ಅಪ್ಪ ಕಟೀಲು ದೇವಸ್ಥಾನದ ಮೇಳದ ಒಂದು ಆಟ ಆಡಿಸುತ್ತೇನೆ ಅಂತ ಹರಕೆ ಹೇಳಿದ್ದರು. ಕಟೀಲು ಮೇಳದ ಆಟ ಹೇಳಿಕೊಂಡರೆ ಕೂಡಲೇ ಸಿಗುವುದಿಲ್ಲ. ನಮ್ಮ ಸರದಿ ಬರುವ ಹೊತ್ತಿಗೆ ಆರು ಮೇಳ ಇತ್ತು, ಆರೂ ದಿನಾ ಒಂದೊಂದು ಕಡೆ ಆಡಿದರೂ ವರ್ಷಗಟ್ಟಲೆ ಕಾಯಬೇಕು. ತಂಗಿ ಗುಣವಾದಳು, ಅವಳ ಮಗನಿಗೆ ಮದುವೆಯೂ ಆಯಿತು. ಅಪ್ಪ ತೀರಿಕೊಂಡರು. ಆಮೇಲೆ ನಮ್ಮ ಸರದಿ ಬಂತು. 2023ರ ಆರಂಭದಲ್ಲಿ.

ಆ ವರ್ಷ ಮೇಳ ಕಾಲಮಿತಿಗೆ ಬಂದಿತ್ತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈಕ್ ಕೂಡದು ಅನ್ನುವ ನಿಯಮ. ಸಂಜೆ ಶುರುವಾಗಿ ಹತ್ತೂವರೆಗೆ ಮಂಗಳ. ಊರಿನಲ್ಲಿ ಇದರ ಬಗ್ಗೆ ದೊಡ್ಡ ಚರ್ಚೆ. ಆಟ ಅಂದರೆ ಬೆಳಗಾಗಬೇಕು ಅನ್ನುವವರು ಒಂದು ಕಡೆ. ಮರುದಿನ ಡ್ಯೂಟಿ ಇರುವವರು, ಶಾಲೆಯ ಮಕ್ಕಳಿರುವವರು ಇನ್ನೊಂದು ಕಡೆ. ನಾನು ಬೆಳಗಾಗಬೇಕು ಅನ್ನುವವರ ಕಡೆ ನಿಂತು ಬಾಯಿ ಮಾಡಿದೆ. ಮನಸ್ಸಿನಲ್ಲಿ, ಹತ್ತೂವರೆಗೆ ಮುಗಿದರೆ ಒಳ್ಳೆಯದಾಯಿತು, ಊಟಕ್ಕೆ ಬಂದ ಆರುನೂರು ಜನರನ್ನು ಕಳಿಸಿ ಮಲಗಬಹುದು ಅಂತ ಲೆಕ್ಕ. ಇದನ್ನು ಇಲ್ಲಿ ಮೊದಲ ಸಲ ಒಪ್ಪಿಕೊಳ್ಳುತ್ತಿದ್ದೇನೆ.

ಬೆಂಗಳೂರಿನಿಂದ ಬಂದ ಮೊಮ್ಮಗನಿಗೆ ಆಗ ಏಳು ವರ್ಷ. ಒಂದು ವಾರದಿಂದ ಅವನಿಗೆ ಮಹಿಷಾಸುರನ ಕಥೆ ಹೇಳಿ ಹದ ಮಾಡಿಟ್ಟಿದ್ದೆ. ಕಾಳುಮೆಣಸಿನ ಉಪಾಯ ಕೂಡ ಕಲಿಸಿದ್ದೆ. ಅದರ ಅಗತ್ಯ ಬೀಳಲಿಲ್ಲ. ಕಾಲಮಿತಿಯ ಆಟದಲ್ಲಿ ಮಹಿಷಾಸುರ ಎಂಟು ಚಿಲ್ಲರೆಗೆಲ್ಲ ಬಂದುಬಿಡುತ್ತಾನೆ, ಮಕ್ಕಳು ಟಿವಿ ನೋಡುವ ಹೊತ್ತಿಗೆ. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾನು, ಪಕ್ಕದಲ್ಲಿ ಅವನು. ಬೆಳಗಿನ ಜಾವ ಮೂರಕ್ಕೆ ಎದ್ದವನು, ಪೆಂಡಾಲು, ನೀರು, ಬಾಳೆ ಎಲೆ ಅಂತ ದಿನವಿಡೀ ಓಡಾಡಿದವನು. ಭಾಗವತರ ಪದ ಒಳ್ಳೆ ಇಂಪಾಗಿತ್ತು. ಕುರ್ಚಿಗೆ ಒರಗಿದ್ದು ನೆನಪುಂಟು.

ಯಾರೋ ತೋಳು ಅಲ್ಲಾಡಿಸಿದರು.

"ಅಜ್ಜ! ಅಜ್ಜ! ಏಳಿ, ಬಂದ! ಹಿಂದೆ ನೋಡಿ!"

ಕಣ್ಣು ಬಿಟ್ಟಾಗ ಬೆಂಕಿ. ಕೊಂಬು. ಒಂದು ಕ್ಷಣ ನಾನು ಎಲ್ಲಿದ್ದೇನೆ, ಎಷ್ಟನೇ ಕ್ಲಾಸು ಅಂತ ಗೊತ್ತಾಗಲಿಲ್ಲ. ಸುತ್ತ ಎಲ್ಲರೂ ಮೊಬೈಲ್ ಎತ್ತಿ ಹಿಡಿದಿದ್ದರು. ನೂರಾರು ಸಣ್ಣ ಸಣ್ಣ ಮಹಿಷಾಸುರರು. ಮೊಮ್ಮಗನ ಕೈಯಲ್ಲಿ ಮೊಬೈಲ್ ಇರಲಿಲ್ಲ, ಎರಡೂ ಕೈಯಲ್ಲಿ ನನ್ನ ತೋಳು ಹಿಡಿದಿದ್ದ. ಮರುದಿನ ಅವನು ಮನೆಯವರಿಗೆಲ್ಲ ಹೇಳಿದ್ದು ಮಹಿಷಾಸುರನ ವಿಷಯ ಅಲ್ಲ. ಅಜ್ಜ ಗೊರಕೆ ಹೊಡೆದದ್ದು.

ಆ ರಾತ್ರಿಯೂ ಮೂರಕ್ಕೆ ಎಚ್ಚರ. ಎದ್ದು ಗದ್ದೆಗೆ ಹೋದೆ. ರಂಗಸ್ಥಳ ಬಿಚ್ಚಿ ಲಾರಿಗೆ ಹಾಕಿ ಮೇಳ ಯಾವಾಗಲೋ ಹೊರಟುಹೋಗಿತ್ತು. ಕಾಗದದ ಲೋಟ, ಬಾಳೆ ಎಲೆ, ಎರಡು ನಾಯಿ. ರಾಳದ ವಾಸನೆ ಇನ್ನೂ ಇತ್ತು.

ಈಗ ಕೆಲವು ಕಡೆ ಬೆಳಗಿನವರೆಗಿನ ಆಟ ಮತ್ತೆ ನಡೆಯುತ್ತದೆ. ಕಳೆದ ಫೆಬ್ರವರಿಯ ಒಂದು ರಾತ್ರಿ ಎಂದಿನ ಹೊತ್ತಿಗೆ ಎಚ್ಚರವಾದಾಗ ಫ್ಯಾನಿನ ಸದ್ದಿನ ಹಿಂದೆ ಇನ್ನೇನೋ ಕೇಳಿತು. ಎದ್ದು ಫ್ಯಾನು ಆರಿಸಿದೆ. ಚೆಂಡೆ. ಗಾಳಿ ಬಂದಾಗ ಕೇಳುತ್ತದೆ, ನಿಂತಾಗ ಇಲ್ಲ. ಜಗಲಿಗೆ ಬಂದು ನಿಂತೆ. ಯಾವ ದಿಕ್ಕು ಅಂತ ಕಿವಿಗೆ ಕೈ ಇಟ್ಟು ನೋಡುತ್ತಿರುವಾಗ ಹಿಂದೆ ಲೈಟು ಹತ್ತಿತು.

"ಎಂತ ಮಾಡುದು ಅಲ್ಲಿ?"

"ಆಟ ಉಂಟು ಎಲ್ಲೋ. ಬಡಗು ದಿಕ್ಕಿಗೆ."

ಹೆಂಡತಿ ಸ್ವಲ್ಪ ಹೊತ್ತು ಕೇಳಿಸಿಕೊಂಡಳು. "ದಾಮಸ್ಕಟ್ಟೆ ಹತ್ತಿರ ಇರ್ಬೇಕು" ಅಂದಳು. ಒಳಗೆ ಹೋದಳು. ಮಲಗಿದಳು ಅಂದುಕೊಂಡೆ. ಎರಡು ನಿಮಿಷದಲ್ಲಿ ಸೀರೆಯ ಮೇಲೆ ಸ್ವೆಟರ್ ಹಾಕಿ, ನನ್ನ ಮಫ್ಲರ್ ಕೈಯಲ್ಲಿ ಹಿಡಿದು ಬಂದಳು.

"ಮಂಜು ಬೀಳ್ತದೆ, ಸುತ್ತಿಕೊಳ್ಳಿ. ಸ್ಕೂಟರ್ ಮೆಲ್ಲ ಬಿಡ್ಬೇಕು."

ಮೆಲ್ಲಗೇ ಬಿಟ್ಟೆ. ದಾರಿಯಲ್ಲಿ ಮೂರು ಸಲ ನಿಲ್ಲಿಸಿ ಕಿವಿಗೊಟ್ಟೆವು. ಒಂದು ಕಡೆ ತಪ್ಪು ತಿರುವು ತೆಗೆದುಕೊಂಡು ಯಾರದೋ ಮನೆಯ ನಾಯಿಯಿಂದ ಬೈಸಿಕೊಂಡೆವು. ಕೊನೆಗೆ ಗುಡ್ಡದ ಆಚೆ ಬೆಳಕು ಕಂಡಿತು.

ಗದ್ದೆಯಲ್ಲಿ ಕುರ್ಚಿಗಳು ಸಾಲು ಸಾಲಾಗಿ ಖಾಲಿ. ಹಿಂದೆ ಒಂದಷ್ಟು ಹುಡುಗರು ಬೈಕಿನ ಮೇಲೆ ತೂಕಡಿಸುತ್ತಿದ್ದರು. ಮುಂದಿನ ಎರಡು ಸಾಲು ಮಾತ್ರ ಭರ್ತಿ. ಶಾಲು, ಟೋಪಿ, ಮಫ್ಲರ್, ಒಂದಿಬ್ಬರ ಕೈಯಲ್ಲಿ ಊರುಗೋಲು. ಹೆಂಗಸರೂ ಇದ್ದರು, ನಾಲ್ಕೈದು ಜನ. ನಮ್ಮನ್ನು ಕಂಡು ಒಬ್ಬರು ಪಕ್ಕದ ಕುರ್ಚಿಯ ಮೇಲಿದ್ದ ಬೈರಾಸು ಎತ್ತಿಕೊಂಡರು. ಮೊದಲು ನೋಡಿದ ಮುಖವಲ್ಲ.

"ಬನ್ನಿ, ಕೂತ್ಕೊಳ್ಳಿ" ಅಂದರು. "ರಕ್ತಬೀಜ ಈಗಷ್ಟೇ ಬಂದದ್ದು."